ದನದ ಮೈಮೇಲಿನ ಉಣ್ಣೆ ಸಾಯದಿದ್ದರೆ ಔಷಧ ಬದಲಿಸುವ ಮುನ್ನ

ಬೀದರ್ ಜಿಲ್ಲೆಯ ಭಾಲ್ಕಿ, ಔರಾದ ಕಡೆಯ ಹೈನುಗಾರರು ‘ಎಣ್ಣಿ ಹೊಡದರೂ ಉಣ್ಣಿ ಸಾಯವಲ್ಲವು’ (ಔಷಧ ಸಿಂಪಡಿಸಿದರೂ ಉಣ್ಣೆ ಸಾಯುತ್ತಿಲ್ಲ) ಎಂದಾಗ, ಲೀಟರ್ ನೀರಿಗೆ ಎಷ್ಟು ಬೆರೆಸಿದಿರಿ, ಕಿವಿಯ ಒಳಭಾಗ, ಬಾಲದ ಬುಡ, ಕೆಚ್ಚಲಿನ ಸಂದು ಪೂರ್ತಿ ನೆನೆದಿದ್ದವೇ ಎಂದು ಮೊದಲು ವಿಚಾರಿಸುತ್ತೇನೆ. ಶೇ 1.25ರ ಡೆಲ್ಟಾಮೆಥ್ರಿನ್ ಎಂಬ ಉಣ್ಣೆನಾಶಕವನ್ನು ಲೀಟರಿಗೆ 2 ಮಿ.ಲೀ.ನಂತೆ ಬೆರೆಸಿ, ಮೈಯೆಲ್ಲ ತೋಯುವಂತೆ ಸಿಂಪಡಿಸಿದ ಮೇಲೂ ಉಣ್ಣೆ ಉಳಿದರೆ ಅದು ಔಷಧಕ್ಕೆ ಒಗ್ಗಿಕೊಂಡಿರಬಹುದೆಂದು ಅನುಮಾನಿಸಬೇಕು. ಆ ಹಂತದಲ್ಲಿ ಪ್ರಮಾಣ ಹೆಚ್ಚಿಸುವುದಾಗಲಿ, ತೊಗರಿಗೆ ತಂದಿಟ್ಟ ಕೀಟನಾಶಕವನ್ನು ಆಕಳ ಮೈಗೆ ಹೊಡೆಯುವುದಾಗಲಿ ಖಂಡಿತ ಕೂಡದು. ಅದರಿಂದ ದನಕ್ಕೆ ವಿಷವೇರುತ್ತದೆ, ಹಾಲಿಗೂ ಅದರ ಅಂಶ ಸೇರಬಹುದು.

ಅನುಮಾನ ತೀರಿಸಲು ಪ್ರಯೋಗಾಲಯದಲ್ಲಿ, ರಕ್ತ ಹೀರಿ ಉಬ್ಬಿದ ಹೆಣ್ಣು ಉಣ್ಣೆಗಳನ್ನು ತೂಗಿ, ಔಷಧದ ಬೇರೆಬೇರೆ ಸಾಂದ್ರತೆಯ ದ್ರಾವಣಗಳಲ್ಲಿ ಸುಮಾರು 2 ನಿಮಿಷ ಮುಳುಗಿಸಿ, ಒಣಗಿಸಿ, 28 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಮತ್ತು ಶೇ 85ರಷ್ಟು ತೇವಾಂಶದಲ್ಲಿ ಇಡುತ್ತಾರೆ. ಸತ್ತವನ್ನು ಎಣಿಸಿದರಷ್ಟೇ ಸಾಲದು. ಒಂದು ಹೆಣ್ಣು 2000ಕ್ಕೂ ಹೆಚ್ಚು ಮೊಟ್ಟೆ ಇಡಬಲ್ಲದಾದ್ದರಿಂದ, ಬದುಕುಳಿದವು ಇಟ್ಟ ಮೊಟ್ಟೆಗಳ ತೂಕವನ್ನು ಔಷಧ ತಗಲದ ಉಣ್ಣೆಗಳ ಮೊಟ್ಟೆಯ ತೂಕದೊಂದಿಗೆ ಹೋಲಿಸಬೇಕು. ನನ್ನ ಮಟ್ಟಿಗೆ ಹಟ್ಟಿಯ ಮುಂದಿನ ಗತಿಯನ್ನು ಹೇಳುವುದು ಈ ಅಂಕಿಯೇ. ಇನ್ನೊಂದು ವಿಧಾನದಲ್ಲಿ, ಮೊಟ್ಟೆಯೊಡೆದು ಬಂದ ಆರು ಕಾಲಿನ ಮರಿಗಳನ್ನು ಔಷಧ ಲೇಪಿಸಿದ ಕಾಗದದ ಪೊಟ್ಟಣದಲ್ಲಿ 24 ಗಂಟೆ ಇಟ್ಟು ಸತ್ತವನ್ನು ಎಣಿಸುತ್ತಾರೆ. ಇದಕ್ಕೆ ಕಾಲ ಹೆಚ್ಚು ಬೇಕು, ಏಕೆಂದರೆ ಮೊದಲು ಮೊಟ್ಟೆ ಒಡೆಯಬೇಕು, ಆಮೇಲೆ ಮರಿಗಳು ಬಲಿಯಬೇಕು.

ಡೆಲ್ಟಾಮೆಥ್ರಿನ್‌ಗೆ ಒಗ್ಗಿದ ಉಣ್ಣೆಯ ಮೇಲೆ ಸೈಪರ್‌ಮೆಥ್ರಿನ್ ಕೂಡ ಸೋಲುವ ಸಂಭವ ಹೆಚ್ಚು. ಎರಡೂ ಒಂದೇ ಗುಂಪಿನವಾದ್ದರಿಂದ ಬಾಟಲಿ ಬದಲಿಸಿ ಪ್ರಯೋಜನವಿಲ್ಲ. ಅಮಿಟ್ರಾಜ್ ಬೇರೆ ಗುಂಪಿನದು. ಆದರೆ ಅದು ಉಣ್ಣೆಯನ್ನು ತಕ್ಷಣ ಕೊಲ್ಲದೆ ಮೈಯಿಂದ ಕಳಚಿ ಬೀಳುವಂತೆಯೂ ಮಾಡುವುದರಿಂದ, ಮುಳುಗಿಸುವ ಪರೀಕ್ಷೆಯೊಂದನ್ನೇ ನಂಬಿ ಅದರ ಬಗ್ಗೆ ತೀರ್ಮಾನಿಸಬಾರದು.

ಮಾದರಿ ಕೆಟ್ಟಿದ್ದರೆ ಯಾವ ಪರೀಕ್ಷೆಯೂ ನಿಲ್ಲದು. ಇತ್ತೀಚಿನ ವಾರಗಳಲ್ಲಿ ಔಷಧ ತಗಲದ ದನಗಳಿಂದ, ಬೆಳಗಿನ ಹೊತ್ತು, ಬಟಾಣಿಯಂತೆ ಉಬ್ಬಿದ ಉಣ್ಣೆಗಳನ್ನು ಜಜ್ಜದೆ, ಬಾಯಿಯ ಭಾಗ ಮುರಿಯದಂತೆ ಬಿಡಿಸಿಕೊಳ್ಳಬೇಕು. ಗಾಳಿಯಾಡುವ ಡಬ್ಬಿಯಲ್ಲಿ ತೇವದ ಹತ್ತಿಯೊಂದಿಗೆ ಇಟ್ಟು, ನಮ್ಮ ಕಡೆಯ ಬಿಸಿಲಿಗೆ ತೋರಿಸದೆ, ಬೇಗನೆ ಪಶುವೈದ್ಯರಿಗೆ ಒಪ್ಪಿಸಬೇಕು. ಡಬ್ಬಿಯ ಮೇಲೆ ಊರು, ದಿನಾಂಕ ಮತ್ತು ಕಳೆದ ವರ್ಷ ಬಳಸಿದ ಎಲ್ಲ ಔಷಧಗಳ ಹೆಸರಿರಬೇಕು.