ವಿಂಡ್‌ಸ್ಕ್ರೀನ್‌ಗೆ ಬ್ರ್ಯಾಕೆಟ್ ಹಾಕಿದರೆ ಹೆಲ್ಮೆಟ್ ಅಲುಗಾಟ ನಿಲ್ಲುತ್ತದೆಯೇ?

ಪ್ರಶ್ನೆ: ನನ್ನದು ಟೂರಿಂಗ್ ಬೈಕು. ವೇಗ 80 ಕಿ.ಮೀ. ದಾಟಿದರೆ ಸಾಕು, ಹೆಲ್ಮೆಟ್ ಗಡಗಡ ಅಲುಗುತ್ತದೆ, ಕಿವಿಯಲ್ಲಿ ಭೋರೆಂಬ ಸದ್ದು. ಎತ್ತರದ ವಿಂಡ್‌ಸ್ಕ್ರೀನ್ ಕೊಳ್ಳುವ ಬದಲು ಈಗಿರುವುದಕ್ಕೇ ಅಡ್ಜಸ್ಟಬಲ್ ಬ್ರ್ಯಾಕೆಟ್ ಹಾಕಿದರೆ ಸಾಕೇ? ಮನೆಯಲ್ಲೇ ಹಾಕಿಕೊಳ್ಳಬಹುದೇ?

ಉತ್ತರ: ಹಾಕಿಕೊಳ್ಳಬಹುದು. ಅಲೆನ್ ಕೀ ಹಿಡಿದು ಅಭ್ಯಾಸವಿದ್ದರೆ ಬಿಡುವಿನ ಒಂದು ಬೆಳಗ್ಗೆ ಸಾಕು. ಅದರಿಂದ ಅಲುಗಾಟ ನಿಲ್ಲುತ್ತದೆಯೇ ಎನ್ನುವುದು ಮಾತ್ರ ನಿಮ್ಮ ತಲೆ ಈಗ ಗಾಳಿಯ ಯಾವ ಪದರದಲ್ಲಿದೆ ಎನ್ನುವುದನ್ನು ಅವಲಂಬಿಸಿದೆ. ದುಡ್ಡು ಕೊಡುವ ಮುಂಚೆ ಅದನ್ನು ತಿಳಿದುಕೊಳ್ಳುವುದು ಒಳ್ಳೆಯದು.

ವಿಂಡ್‌ಸ್ಕ್ರೀನ್ ಗಾಳಿಯನ್ನು ಇಲ್ಲವಾಗಿಸುವುದಿಲ್ಲ, ಮೇಲಕ್ಕೂ ಪಕ್ಕಕ್ಕೂ ತಿರುಗಿಸಿ ಕಳಿಸುತ್ತದೆ. ಅದರ ಬೆನ್ನ ಹಿಂದೆ ಒತ್ತಡ ಕಡಿಮೆಯಿರುವ ಜಾಗವೊಂದು ಉಂಟಾಗುತ್ತದೆ. ಮೇಲಂಚು ದಾಟಿದ ಗಾಳಿ ಆ ಜಾಗ ತುಂಬಲು ಕೆಳಗೆ ಬಾಗುತ್ತದೆ, ಬಾಗುವಾಗ ಸುಳಿಸುಳಿಯಾಗಿ ಒಡೆಯುತ್ತದೆ. ಹೊಳೆಯ ನಡುವಿನ ಬಂಡೆಯ ಹಿಂಬದಿಯಲ್ಲಿ ನೀರು ಸುತ್ತುವುದನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಆ ಸುಳಿಗಳು ಹೆಲ್ಮೆಟ್‌ಗೆ ಒಂದರ ಹಿಂದೊಂದು ಬಡಿಯುವುದೇ ನೀವು ಹೇಳುವ ಗಡಗಡ. ವಿಂಡ್‌ಸ್ಕ್ರೀನೇ ಇಲ್ಲದ ಬೈಕಿನಲ್ಲಿ ಎದೆಯ ಮೇಲೆ ಗಾಳಿ ಜೋರಾಗಿ ಒತ್ತುತ್ತದೆ ನಿಜ, ಆದರೆ ಒಂದೇ ಸಮನೆ ಒತ್ತುವ ಗಾಳಿಗೆ ತಲೆ ಇಷ್ಟು ನಡುಗುವುದಿಲ್ಲ. ವೇಗ ಏರಿದಂತೆ ಇದು ದಿಢೀರನೆ ಅಸಹನೀಯವಾಗುವುದಕ್ಕೂ ಕಾರಣವಿದೆ: ಗಾಳಿಯ ಬಲ ವೇಗದ ವರ್ಗದಂತೆ ಏರುತ್ತದೆ. 60ರಲ್ಲಿದ್ದದ್ದು 120ಕ್ಕೆ ಎರಡು ಪಟ್ಟಲ್ಲ, ನಾಲ್ಕು ಪಟ್ಟು.

ಈಗ ಪರೀಕ್ಷೆ. ಗಾಳಿ ಬೀಸದ ದಿನ, ಖಾಲಿಯಿರುವ ನೇರ ರಸ್ತೆಯಲ್ಲಿ, ಅಲುಗಾಟ ಶುರುವಾಗುವ ವೇಗದಲ್ಲಿ ಸಮನಾಗಿ ಹೋಗಿ. ಕಣ್ಣು ರಸ್ತೆಯ ಮೇಲಿಟ್ಟುಕೊಂಡೇ ತಲೆಯನ್ನು ನಾಲ್ಕಾರು ಬೆರಳಿನಷ್ಟು ತಗ್ಗಿಸಿ. ಸದ್ದು ಅಡಗಿತೇ? ಹಾಗಾದರೆ ಸುಳಿಗಳು ನಿಮ್ಮ ತಲೆಗಿಂತ ಮೇಲೆ ಹಾಯುವಂತೆ ಮಾಡಬೇಕು, ಅಂದರೆ ವಿಂಡ್‌ಸ್ಕ್ರೀನ್ ಮೇಲೇರಬೇಕು. ಫುಟ್‌ರೆಸ್ಟ್ ಮೇಲೆ ಭಾರ ಹಾಕಿ ಸೀಟಿನಿಂದ ಸ್ವಲ್ಪ ಎದ್ದಾಗ ನೆಮ್ಮದಿಯಾಯಿತೆಂದರೆ ವಿಷಯ ತಿರುವುಮುರುವು: ಅದನ್ನು ತಗ್ಗಿಸಬೇಕು, ಹೆಲ್ಮೆಟ್‌ಗೆ ನೇರ ಗಾಳಿ ತಾಗಬೇಕು. ಎತ್ತರದ್ದು ಕೊಂಡು ಇನ್ನಷ್ಟು ಹಾಳಾಯಿತು ಎನ್ನುವವರಲ್ಲಿ ಹೆಚ್ಚಿನವರು ಈ ಎರಡನೆಯ ಗುಂಪಿನವರೇ ಎಂದು ನನ್ನ ಅನುಮಾನ.

ಬ್ರ್ಯಾಕೆಟ್ ಎತ್ತರವನ್ನು ಬದಲಿಸುತ್ತದೆ, ಓರೆಯನ್ನು ಬದಲಿಸುತ್ತದೆ. ಇವೆರಡನ್ನೂ ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಬರೆದಿರುತ್ತಾರೆ. ಬರೆಯದೇ ಬಿಡುವ ಮೂರನೆಯದೊಂದಿದೆ: ವಿಂಡ್‌ಸ್ಕ್ರೀನ್ ಮೇಲೆ ಅಥವಾ ಮುಂದೆ ಸರಿದಾಗ ಅದರ ಬುಡದಲ್ಲಿ ಒಂದು ಸಂದು ತೆರೆಯುತ್ತದೆ. ಆ ಸಂದಿನಿಂದ ನುಗ್ಗುವ ಗಾಳಿ ಹಿಂಬದಿಯ ಕಡಿಮೆ ಒತ್ತಡವನ್ನು ತುಂಬುವುದರಿಂದ ಮೇಲಿನ ಗಾಳಿಗೆ ಕೆಳಗಿಳಿಯುವ ಕಾರಣವೇ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ. ನನ್ನ ಮಟ್ಟಿಗೆ ಬ್ರ್ಯಾಕೆಟ್‌ನ ಅರ್ಧ ಬೆಲೆ ಈ ಸಂದಿನದು. ಮಳೆಯಲ್ಲಿ ಮೀಟರಿನ ಮೇಲೆ ನಾಲ್ಕು ಹನಿ ಹೆಚ್ಚು ಬೀಳುತ್ತದೆ, ಬೀಳಲಿ.

ಕೊಳ್ಳುವಾಗ ನಿಮ್ಮ ಮಾಡೆಲ್‌ಗೆಂದೇ ಮಾಡಿದ, ಮೂಲ ತೂತುಗಳಿಗೇ ಕೂರುವ ಸೆಟ್ ಹುಡುಕಿ. ಕೀಲಿನ ಜಾಗದಲ್ಲಿ ಹಲ್ಲುಗಳಿದ್ದರೆ ಒಳ್ಳೆಯದು. ಬರೀ ಬಿಗಿತದ ಮೇಲೆ ನಿಂತ ನುಣುಪು ಕೀಲು ದೀರ್ಘ ಓಟದ ಅದುರಾಟಕ್ಕೆ ಮೆಲ್ಲಗೆ ಜಾರಬಹುದು. ಹೊಸ ತೂತು ಕೊರೆಯಬೇಕಾದ ಸೆಟ್ ಆದಷ್ಟು ಬೇಡ. ಕೊರೆಯಲೇಬೇಕಾದರೆ ಬೋಲ್ಟಿಗಿಂತ ತೂತು ತುಸು ದೊಡ್ಡದಿರಲಿ, ಏಕೆಂದರೆ ಬಿಸಿಲಿಗೆ ವಿಂಡ್‌ಸ್ಕ್ರೀನಿನ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ ಅಲ್ಯೂಮಿನಿಯಂಗಿಂತ ಸುಮಾರು ಮೂರು ಪಟ್ಟು ಹಿಗ್ಗುತ್ತದೆ; ಜಾಗವಿಲ್ಲದಿದ್ದರೆ ಬಿರುಕು ಹುಟ್ಟುವುದು ತೂತಿನ ಅಂಚಿನಿಂದಲೇ.

ಬೈಕನ್ನು ಸೆಂಟರ್ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಟ್ಯಾಂಕಿನ ಮೇಲೂ ಮುಂದಿನ ಮಡ್‌ಗಾರ್ಡಿನ ಮೇಲೂ ದಪ್ಪ ಬಟ್ಟೆ ಹಾಸಿ. ಬಿಚ್ಚುವ ಮುಂಚೆ ಒಂದು ಫೋಟೊ ತೆಗೆದಿಡಿ. ಯಾವ ವಾಷರ್ ಯಾವ ಕಡೆ ಇತ್ತೆಂಬ ಜಗಳ ಆಮೇಲೆ ಬೇಡ. ಅನೇಕ ಬೈಕುಗಳಲ್ಲಿ ಈ ಸ್ಕ್ರೂಗಳು ಕೂರುವುದು ವೆಲ್‌ನಟ್ ಎಂಬ ರಬ್ಬರ್ ಬುಷ್‌ನಲ್ಲಿ. ಅದರೊಳಗೊಂದು ಹಿತ್ತಾಳೆಯ ನಟ್ ಇರುತ್ತದೆ. ಸ್ಕ್ರೂ ತಿರುಗಿಸಿದಂತೆ ನಟ್ ಮುಂದೆ ಬಂದು, ರಬ್ಬರ್ ತೂತಿನ ಹಿಂದೆ ಉಬ್ಬಿ ಹಿಡಿದುಕೊಳ್ಳುತ್ತದೆ. ಹಿಡಿತ ಬರುವುದು ಈ ಉಬ್ಬಿನಿಂದ, ನಿಮ್ಮ ತೋಳಿನ ಬಲದಿಂದಲ್ಲ. ಅತಿಯಾಗಿ ಬಿಗಿದರೆ ನಟ್ ರಬ್ಬರಿನಿಂದ ಕಿತ್ತುಬಂದು ಸುಮ್ಮನೆ ಸುತ್ತತೊಡಗುತ್ತದೆ, ಆಮೇಲೆ ಸ್ಕ್ರೂ ಬಿಗಿಯಾಗುವುದೂ ಇಲ್ಲ, ಹೊರಬರುವುದೂ ಇಲ್ಲ. ಹಳೆಯದೊಂದು ಹಾಗೆ ಸುತ್ತುತ್ತಿದ್ದರೆ ರಬ್ಬರಿನ ಅಂಚನ್ನು ಪ್ಲೈಯರ್‌ನಲ್ಲಿ ಹಿಡಿದು, ಸ್ಕ್ರೂವನ್ನು ಹೊರಗೆಳೆಯುತ್ತಾ ತಿರುಗಿಸಿ. ಗಟ್ಟಿಯಾದ, ಒಡೆದ ಬುಷ್‌ಗಳನ್ನು ಇದೇ ನೆಪದಲ್ಲಿ ಬದಲಿಸಿಬಿಡಿ.

ಬ್ರ್ಯಾಕೆಟ್ ಕೂರಿಸುವಾಗ ಎಲ್ಲ ಬೋಲ್ಟುಗಳನ್ನೂ ಮೊದಲು ಸಡಿಲವಾಗಿ ಹಾಕಿ. ವಿಂಡ್‌ಸ್ಕ್ರೀನನ್ನು ಬಗ್ಗಿಸಿ, ಎಳೆದು ತೂತಿಗೆ ತಂದು ಬಿಗಿದರೆ ಆ ಒತ್ತಡ ಅದರೊಳಗೇ ಉಳಿಯುತ್ತದೆ. ಎರಡೂ ಕಡೆ ಸಮನಾಗಿದೆಯೇ ಎಂದು ಮುಂದೆ ನಿಂತು ನೋಡಿ, ಮೂಲೆಯಿಂದ ಎದುರು ಮೂಲೆಗೆ ಸ್ವಲ್ಪಸ್ವಲ್ಪವೇ ಬಿಗಿಯಿರಿ. ಲೋಹಕ್ಕೂ ಪ್ಲಾಸ್ಟಿಕ್ಕಿಗೂ ನಡುವೆ ನೈಲಾನ್ ಅಥವಾ ರಬ್ಬರ್ ವಾಷರ್ ಇರಲೇಬೇಕು. ಟಾರ್ಕ್, ಅಂದರೆ ಬಿಗಿಯುವ ತಿರುಚುಬಲ, ಎಷ್ಟೆಂದು ಸೆಟ್‌ನ ಜೊತೆಗಿನ ಹಾಳೆಯಲ್ಲಿದ್ದರೆ ಅದೇ ಕೊನೆಯ ಮಾತು.

ಇಲ್ಲಿ ತುಂಬಾ ಜನ ಎಡವುವುದು ಥ್ರೆಡ್‌ಲಾಕರ್, ಅಂದರೆ ಬೋಲ್ಟು ಸಡಿಲವಾಗದಂತೆ ಹಚ್ಚುವ ಅಂಟುದ್ರವದ ವಿಷಯದಲ್ಲಿ. ಲೋಹದ ಬೋಲ್ಟು ಲೋಹದೊಳಗೆ ಹೋಗುವ ಕಡೆ ನೀಲಿ ಬಣ್ಣದ್ದು ಒಂದು ಹನಿ ಸರಿ. ಆದರೆ ಆ ದ್ರವ ಪಾಲಿಕಾರ್ಬೊನೇಟ್ ಅಥವಾ ಅಕ್ರಿಲಿಕ್‌ಗೆ ತಾಗಿದರೆ ಕೂದಲೆಳೆಯಂಥ ಬಿರುಕುಗಳು ಹಬ್ಬಬಹುದು. ಪೆಟ್ರೋಲಿನ ಗುಣವೂ, ಅಮೋನಿಯಾ ಇರುವ ಗಾಜು ಒರೆಸುವ ದ್ರವಗಳ ಗುಣವೂ ಅದೇ. ಪ್ಲಾಸ್ಟಿಕ್ಕಿನ ಹತ್ತಿರದ ಬೋಲ್ಟುಗಳಿಗೆ ಒಳಗೆ ನೈಲಾನ್ ಉಂಗುರವಿರುವ, ಸುಲಭಕ್ಕೆ ಸಡಿಲವಾಗದ ನೈಲಾಕ್ ನಟ್ ಹಾಕಿ, ಒರೆಸಲು ಸೋಪಿನ ನೀರು ಬಳಸಿ.

ಕೆಲಸ ಮುಗಿದ ಮೇಲೆ ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ. ಲಿವರ್, ಕನ್ನಡಿ, ಕ್ಲಚ್ ಕೇಬಲ್, ಬ್ರೇಕ್ ಹೋಸ್, ಯಾವುದೂ ಬ್ರ್ಯಾಕೆಟ್‌ಗಾಗಲಿ ವಿಂಡ್‌ಸ್ಕ್ರೀನ್‌ಗಾಗಲಿ ತಾಗಬಾರದು, ಎಳೆದುಕೊಳ್ಳಬಾರದು. ಇದು ಸರಿಯಿಲ್ಲದಿದ್ದರೆ ಬೈಕು ಹೊರಗೆ ತೆಗೆಯಬೇಡಿ. ಆಮೇಲೆ ಮಾಮೂಲಿ ಭಂಗಿಯಲ್ಲಿ ಕೂತು ನೋಡಿ: ಮುಂದಿನ ರಸ್ತೆ ಮೇಲಂಚಿನ ಮೇಲಿಂದ ಕಾಣಬೇಕು, ಅದರ ಮೂಲಕ ಅಲ್ಲ. ರಾತ್ರಿ ಮಳೆಯಲ್ಲಿ ಎದುರಿನ ಹೆಡ್‌ಲೈಟ್ ಗೀರುಗಳ ಮೇಲೆ ಬಿದ್ದು ಚದುರಿದರೆ ಏನೂ ಕಾಣುವುದಿಲ್ಲ.

ಹೊಂದಿಸುವಾಗ ಒಮ್ಮೆಗೆ ಒಂದನ್ನೇ ಬದಲಿಸಿ, ಎತ್ತರ ಇಲ್ಲವೇ ಓರೆ. ಒಂದು ಸೆಂಟಿಮೀಟರ್ ಕೂಡ ಗೊತ್ತಾಗುವಷ್ಟು ವ್ಯತ್ಯಾಸ ಮಾಡಬಹುದು. ಪ್ರತಿ ಸ್ಥಾನಕ್ಕೂ ಮಾಸ್ಕಿಂಗ್ ಟೇಪಿನ ಗುರುತಿರಲಿ. ವಿಂಡ್‌ಸ್ಕ್ರೀನ್ ಮೇಲೇರಿದಷ್ಟೂ ಗಾಳಿ ತಳ್ಳುವ ಜಾಗವೂ ಮೇಲೇರಿ ಮುಂದಿನ ಚಕ್ರ ಹಗುರಾಗುತ್ತದೆ. ವಿಂಡ್‌ಸ್ಕ್ರೀನ್ ಹ್ಯಾಂಡಲಿಗೇ ಕೂತಿದ್ದರೆ ಗಾಳಿಯ ತಳ್ಳಾಟ ನೇರ ಕೈಗೇ ಬರುತ್ತದೆ. ಆದ್ದರಿಂದ ಪ್ರತಿ ಹೊಸ ಸ್ಥಾನದಲ್ಲೂ ವೇಗವನ್ನು ನಿಧಾನವಾಗಿ ಏರಿಸಿ. ಬೈಕು ತೊಯ್ದಾಡಿದಂತೆ ಅನ್ನಿಸಿದರೆ ಹ್ಯಾಂಡಲನ್ನು ಅವುಚಿ ಹಿಡಿಯದೆ, ಥ್ರಾಟಲ್ ಮೆಲ್ಲಗೆ ಬಿಡಿ. ಆ ಸ್ಥಾನ ನಿಮಗಲ್ಲ. ಹಿಂದೆ ಟಾಪ್ ಬಾಕ್ಸ್ ತುಂಬಿದ್ದಾಗ ಇದನ್ನು ಮತ್ತೊಮ್ಮೆ ನೋಡಿಕೊಳ್ಳಬೇಕು. ಮೊದಲ ನೂರು ಕಿಲೋಮೀಟರ್ ಆದ ಮೇಲೆ ಎಲ್ಲ ಬೋಲ್ಟುಗಳನ್ನೂ ಒಮ್ಮೆ ಮುಟ್ಟಿ ನೋಡಿ.

ಇಷ್ಟೆಲ್ಲ ಆದರೂ ಅಲುಗಾಟ ಉಳಿದರೆ ಸ್ನೇಹಿತರ ಹೆಲ್ಮೆಟ್ ಹಾಕಿಕೊಂಡು ಅದೇ ರಸ್ತೆಯಲ್ಲಿ ಒಮ್ಮೆ ಹೋಗಿಬನ್ನಿ, ನಿಮ್ಮ ತಲೆಗೆ ಸರಿಹೊಂದುವುದಾದರೆ. ಮುಂದೆ ಚುಂಚಿರುವ ಅಡ್ವೆಂಚರ್ ಹೆಲ್ಮೆಟ್ ಅಥವಾ ಪ್ಯಾಡ್ ಸವೆದು ಸಡಿಲವಾದದ್ದು ಸಣ್ಣ ಸುಳಿಗೂ ಕುಣಿಯುತ್ತದೆ, ಅದನ್ನು ಯಾವ ಬ್ರ್ಯಾಕೆಟ್ಟೂ ನಿಲ್ಲಿಸಲಾರದು.