ಪುನರ್ವಸು ಮಳೆಗೆ ಲೆಕ್ಕ ಹಾಕಿ, ಫೆಬ್ರವರಿ ಬಿಸಿಲಿಗಲ್ಲ

ಸಂಕ್ರಾಂತಿ ಮುಗಿಯುತ್ತಿದ್ದಂತೆ ಬೆಂಗಳೂರಿನ ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ವಿಭಾಗಗಳಿಗೆ ಮಲೆನಾಡು ನೆನಪಾಗುತ್ತದೆ. ಮಾರ್ಚ್ 31ರೊಳಗೆ ಹಣ ಖರ್ಚಾಗಬೇಕು, ವರದಿಗೆ ಫೋಟೊ ಬೇಕು. ಘಟ್ಟದ ಅಂಚಿನಲ್ಲಿ ಕರೆಂಟ್ ಕಂಬ ಮುಟ್ಟದ, ಕಾಲುಸಂಕ ದಾಟಿ ನಡೆದೇ ಹೋಗಬೇಕಾದ ಹತ್ತು ಮನೆಯ ಊರೊಂದು ಸಿಗುತ್ತದೆ. ಮನೆಗೊಂದು 40 ವ್ಯಾಟ್ ಸೋಲಾರ್ ಪ್ಯಾನೆಲ್, 12 ವೋಲ್ಟಿನ 40 ಆಂಪಿಯರ್-ಅವರ್ ಬ್ಯಾಟರಿ, ನಾಲ್ಕು ಎಲ್‌ಇಡಿ ದೀಪ ಕೊಟ್ಟು ಬರುತ್ತಾರೆ. ಆರಿದ್ರಾ ಮಳೆ ಹಿಡಿದ ವಾರಕ್ಕೆ, ಸಿಗ್ನಲ್ ಸಿಗುವ ಗುಡ್ಡ ಹತ್ತಿ ಯಾರೋ ಫೋನ್ ಮಾಡುತ್ತಾರೆ: "ದೀಪ ಹತ್ತುವುದಿಲ್ಲ ಮಾರಾಯ್ರೆ."

ಆಗ ದಾನಿಗಳು ಇಂಜಿನಿಯರುಗಳನ್ನು ಕೇಳುವ ಪ್ರಶ್ನೆ ಒಂದೇ: "ಬ್ಯಾಟರಿ ದೊಡ್ಡದು ಹಾಕಿಬಿಡೋಣವೇ?"

ಬೇಡ. ಇದನ್ನು ಎಷ್ಟು ಸಲ ಹೇಳಿದರೂ ತಲೆಗೆ ಹೋಗುವುದಿಲ್ಲವಾದ್ದರಿಂದ ಅಂಕಿ ಇಟ್ಟೇ ಹೇಳುತ್ತೇನೆ. ಒಂದು ಮನೆಗೆ 5 ವ್ಯಾಟಿನ ನಾಲ್ಕು ದೀಪ, ದಿನಕ್ಕೆ 5 ಗಂಟೆ: 100 ವ್ಯಾಟ್-ಅವರ್. ಎರಡು ಮೊಬೈಲಿಗೆ 30. ಒಟ್ಟು 130. ಮಾರ್ಚ್ ತಿಂಗಳಲ್ಲಿ ಪೂರ್ಣ ಬಿಸಿಲಿಗೆ ಸಮನಾದ ಐದೂವರೆ ಗಂಟೆ ಸಿಗುತ್ತದೆ ಎನ್ನಿ. 40 ವ್ಯಾಟ್ ಗುಣಿಸು 5.5, ವೈರು, ಬ್ಯಾಟರಿ, ಬಿಸಿ, ಧೂಳಿನ ನಷ್ಟ ಕಳೆದು 65 ಶೇಕಡಾ ಉಳಿಸಿಕೊಂಡರೆ 143. ಸಾಕು, ಚೂರು ಮಿಗುತ್ತದೆ ಕೂಡ. ಕಾಗದದ ಮೇಲೆ ಎಲ್ಲ ಸರಿ.

ಇದೇ ಲೆಕ್ಕವನ್ನು ಪುನರ್ವಸು ಮಳೆ ಸುರಿಯುವ ಜುಲೈಗೆ ಹಾಕಿ. ಘಟ್ಟದ ತಪ್ಪಲಿನಲ್ಲಿ ತೆರೆದ ಬಯಲಲ್ಲೇ ಪೂರ್ಣ ಬಿಸಿಲಿನ ಲೆಕ್ಕ 3 ಗಂಟೆಯ ಆಸುಪಾಸಿಗೆ ಇಳಿಯುತ್ತದೆ. ಊರು ಇರುವುದು ಬಯಲಲ್ಲಲ್ಲ. ಕಣಿವೆಯ ತಳದಲ್ಲಿ, ಮೂರು ದಿಕ್ಕಿಗೂ ಕಾಡು, ನಾಲ್ಕನೆಯದಕ್ಕೆ ಅಡಿಕೆ ತೋಟ. ಅಂಥ ಕಡೆ 1 ಗಂಟೆ ಹಿಡಿಯುವುದು ಕ್ಷೇಮ. ಊರಿಂದ ಊರಿಗೆ ಇದು ಬದಲಾಗುತ್ತದೆ, ಜಾಗ ನೋಡದೆ ಖಚಿತ ಹೇಳಲಾಗದು. 40 ಗುಣಿಸು 1, ಗುಣಿಸು 0.65: ಇಪ್ಪತ್ತಾರು. ಒಂದೇ ಒಂದು ದೀಪ ಐದು ಗಂಟೆ.

ದಿನಕ್ಕೆ 104 ವ್ಯಾಟ್-ಅವರ್ ಕೊರತೆ. ಬ್ಯಾಟರಿಯಲ್ಲಿ 12 ಗುಣಿಸು 40, ಅಂದರೆ 480 ಇದ್ದರೂ ಲೆಡ್-ಆಸಿಡ್ ಆದ್ದರಿಂದ ಅರ್ಧ ಮಾತ್ರ ಬಳಸಬಹುದು, 240. ಎರಡು ದಿನ ದಾಟಿ ಮೂರನೆಯ ಸಂಜೆ ಕತ್ತಲೆ. ಬ್ಯಾಟರಿಯನ್ನು ದುಪ್ಪಟ್ಟು ಮಾಡಿದರೆ ಐದನೆಯ ಸಂಜೆ ಕತ್ತಲೆ, ಅಷ್ಟೇ ವ್ಯತ್ಯಾಸ. ಮಳೆಯೋ ಆರಿದ್ರೆಯಿಂದ ಆಶ್ಲೇಷದವರೆಗೆ, ಎರಡು ತಿಂಗಳು. ಹಂಡೆ ದೊಡ್ಡದು ತಂದರೆ ನಲ್ಲಿಯಲ್ಲಿ ನೀರು ಹೆಚ್ಚು ಬರುವುದಿಲ್ಲ. ಮೇಲಾಗಿ, ಅರೆಹೊಟ್ಟೆಯಲ್ಲಿ ವಾರಗಟ್ಟಲೆ ಬಿದ್ದಿರುವ ಲೆಡ್-ಆಸಿಡ್ ಬ್ಯಾಟರಿಯ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತದೆ, ಮತ್ತೆ ಕರಗುವುದಿಲ್ಲ. ದೊಡ್ಡ ಬ್ಯಾಟರಿಯನ್ನು ಚಿಕ್ಕ ಪ್ಯಾನೆಲ್ ತುಂಬಿಸಲಾರದ್ದರಿಂದ ಅದೇ ಬೇಗ ಹಾಳಾಗುತ್ತದೆ. ಮಳೆಗಾಲ ಕಳೆದು ಬಿಸಿಲು ಬಂದಾಗಲೂ ದೀಪ ಹತ್ತದಿದ್ದರೆ ಕಾರಣ ಇದು. ಊರಿನವರು "ಸರಿಯಾಗಿ ನೋಡಿಕೊಳ್ಳಲಿಲ್ಲ" ಎಂದು ವರದಿಯಲ್ಲಿ ಬರೆಯುವುದು ಅನ್ಯಾಯ.

ಹೆಚ್ಚಿಸಬೇಕಾದ್ದು ಪ್ಯಾನೆಲ್. 130 ಬರಬೇಕಾದರೆ 200 ವ್ಯಾಟ್. ಈಗ ಪ್ಯಾನೆಲ್ ಅಗ್ಗ, ಬ್ಯಾಟರಿಯೇ ದುಬಾರಿ. ಆದರೆ 200 ವ್ಯಾಟಿನ ಪ್ಯಾನೆಲ್ ಮಾರ್ಚಿನಲ್ಲಿ 11 ಆಂಪಿಯರಿನಷ್ಟು ನೂಕುತ್ತದೆ, 40 ಆಂಪಿಯರ್-ಅವರ್ ಲೆಡ್-ಆಸಿಡ್‌ಗೆ ಅದು ಅತಿಯಾಯಿತು. ಪ್ಯಾನೆಲ್ಲಿನಿಂದ ಬ್ಯಾಟರಿಗೆ ಹೋಗುವ ಕರೆಂಟಿಗೆ ಮಿತಿ ಹಾಕಬಲ್ಲ ಕಂಟ್ರೋಲರ್ ಬೇಕು, ಇಲ್ಲವೇ 30 ಆಂಪಿಯರ್-ಅವರ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ. ಅದಕ್ಕೆ ಅರೆಹೊಟ್ಟೆಯ ಕಾಯಿಲೆ ಇಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕಡಿಮೆಗೆ ಸಿಕ್ಕಿತೆಂದು ಹೆಸರಿಲ್ಲದ್ದನ್ನು ಕೊಳ್ಳುವ ಮುನ್ನ ಒಮ್ಮೆ ಪೂರ್ತಿ ತುಂಬಿ, ಪೂರ್ತಿ ಇಳಿಸಿ ಅಳೆದು ನೋಡಿ.

ಪ್ಯಾನೆಲ್ಲನ್ನು ದಕ್ಷಿಣಕ್ಕೆ, 15 ಡಿಗ್ರಿ ಓರೆಯಾಗಿ, ಉದ್ದನೆಯ ಅಂಚು ಕೆಳಗೆ ಬರುವಂತೆ ಅಡ್ಡ ಮಲಗಿಸಿ ಕಟ್ಟಿ. ಮಲೆಗಾಡಿನಲ್ಲಿ ಒಂದೇ ಮಳೆಗಾಲಕ್ಕೆ ಕೆಳ ಅಂಚಿನಲ್ಲಿ ಬೆರಳಗಲ ಪಾಚಿ ಕೂರುತ್ತದೆ. 36 ಕೋಶಗಳ ಪ್ಯಾನೆಲ್ಲಿನಲ್ಲಿ ಸಾಮಾನ್ಯವಾಗಿ 18ರ ಎರಡು ಸರಣಿ ಇರುತ್ತವೆ. ಅದನ್ನು ಉದ್ದಕ್ಕೆ ನಿಲ್ಲಿಸಿದ್ದರೆ ಆ ಪಾಚಿ ಎರಡೂ ಸರಣಿಗಳ ಕೋಶಗಳನ್ನು ಮುಚ್ಚಿ ಇಡೀ ಪ್ಯಾನೆಲ್ಲಿನ ಉತ್ಪಾದನೆಯನ್ನೇ ನಿಲ್ಲಿಸುತ್ತದೆ. ಅಡ್ಡಕ್ಕಿದ್ದರೆ ಹಾನಿ ಅರ್ಧಕ್ಕೆ ನಿಲ್ಲುತ್ತದೆ. ಬಿಸಿಲಿಗಾಗಿ ಕಂಬವನ್ನು ಅಂಗಳದಾಚೆ 20 ಮೀಟರ್ ದೂರ ನೆಟ್ಟು ಒಂದೂವರೆ ಚದರ ಮಿಲಿಮೀಟರಿನ ವೈರು ಎಳೆದರೆ, 3 ಆಂಪಿಯರಿಗೇ ಸುಮಾರು ಒಂದೂವರೆ ವೋಲ್ಟ್ ದಾರಿಯಲ್ಲಿ ಕರಗುತ್ತದೆ. 12 ವೋಲ್ಟಿನಲ್ಲಿ ಅದು ಎಂಟನೆಯ ಒಂದು ಪಾಲು. 200 ವ್ಯಾಟ್ ಹಾಕಿದವರಿಗೆ 10 ಚದರ ಮಿಲಿಮೀಟರಿನದು ಬೇಕು. ಕಂಟ್ರೋಲರ್ ಪೆಟ್ಟಿಗೆಯ ವೈರು ತೂರುವ ತೂತಿಗೆ ಗ್ಲ್ಯಾಂಡ್ (ವೈರನ್ನು ಬಿಗಿಹಿಡಿಯುವ ಬಿರಡೆ) ಹಾಕಿ ಮುಚ್ಚಿ, ಇರುವೆಗೆ ಬೆಚ್ಚಗಿನ ಜಾಗ ಎಂದರೆ ಅದೇ.

ಇಷ್ಟೆಲ್ಲ ಹೇಳಿದ ಮೇಲೂ ನನ್ನ ಮೊದಲ ಸಲಹೆ ಸೋಲಾರ್ ಅಲ್ಲ. ಬಿಸಿಲಿಲ್ಲದ ತಿಂಗಳಲ್ಲಿ ಆ ಊರಿನಲ್ಲಿ ಹೇರಳವಾಗಿರುವುದು ನೀರು, ಅದರಿಂದಲೇ ವಿದ್ಯುತ್ ತೆಗೆಯಬಹುದು. ಬಹಳಷ್ಟು ಮನೆಗಳಿಗೆ ಮೇಲಿನಿಂದ ಪೈಪಿನಲ್ಲಿ ಅಬ್ಬಿ ನೀರು ಇಳಿದೇ ಬಂದಿರುತ್ತದೆ. ಪೈಪಿನ ಬುಡದಲ್ಲಿ ನೀರು ಕಟ್ಟಿ ಒತ್ತಡದ ಗೇಜ್ ಹಿಡಿಯಿರಿ: ಚದರ ಸೆಂಟಿಮೀಟರಿಗೆ 2 ಕೆಜಿ ತೋರಿಸಿದರೆ 20 ಮೀಟರ್ ಎತ್ತರ. ಹಳ್ಳದಲ್ಲಿ 20 ಲೀಟರಿನ ಬಕೆಟ್ 4 ಸೆಕೆಂಡಿಗೆ ತುಂಬಿದರೆ ಸೆಕೆಂಡಿಗೆ 5 ಲೀಟರ್. ಎತ್ತರ ಗುಣಿಸು ಹರಿವು ಗುಣಿಸು 5, ಇದು ಚಿಕ್ಕ ಟರ್ಬೈನಿಗೆ ಒರಟು ಲೆಕ್ಕ, 500 ವ್ಯಾಟ್. ಪೈಪಿನಲ್ಲಿ ಜಿಪುಣತನ ಮಾಡಿದರೆ ಕೆಟ್ಟಿತು. ಇಷ್ಟು ನೀರಿಗೆ 75 ಎಂಎಂ ಪೈಪಿನಲ್ಲಿ 100 ಮೀಟರಿಗೆ ಸುಮಾರು ಎರಡೂವರೆ ಮೀಟರ್ ಎತ್ತರ ನಷ್ಟವಾದರೆ, 50 ಎಂಎಂ ಪೈಪು 18 ಮೀಟರ್ ನುಂಗುತ್ತದೆ. ಇಪ್ಪತ್ತರಲ್ಲಿ ಹದಿನೆಂಟು! ದೊಡ್ಡ ಪೈಪು ಹಾಕಿದರೆ 430 ವ್ಯಾಟ್ ಹಗಲೂ ರಾತ್ರಿ, ದಿನಕ್ಕೆ 10 ಯೂನಿಟ್ (ಯೂನಿಟ್ ಎಂದರೆ 1000 ವ್ಯಾಟ್-ಅವರ್). ಹತ್ತು ಮನೆಗಳ ದೀಪ, ಮೊಬೈಲಿಗೆ ಬೇಕಾದ್ದು 1.3. ಮಿಕ್ಕ ವಿದ್ಯುತ್ತನ್ನು ಲೋಡ್ ಕಂಟ್ರೋಲರ್ ಹೀಟರಿಗೆ ತಿರುಗಿಸಲೇಬೇಕು, ಇಲ್ಲದಿದ್ದರೆ ಟರ್ಬೈನ್ ಹುಚ್ಚಾಪಟ್ಟೆ ತಿರುಗಿ ಸುಟ್ಟುಕೊಳ್ಳುತ್ತದೆ. ಆ ಹೀಟರು ಸ್ನಾನದ ನೀರಿನಲ್ಲೇ ಇರಲಿ. ಮನೆಮನೆಗೆ 1 ಆಂಪಿಯರಿನ ಎಂಸಿಬಿ (ಮಿತಿ ಮೀರಿದರೆ ತಾನೇ ಕರೆಂಟ್ ಕಡಿಯುವ ಸ್ವಿಚ್) ಹಾಕಿ. ಯಾರೋ ಮಿಕ್ಸಿ ತಂದ ದಿನ ಊರಿಗೇ ಕತ್ತಲೆ ಆಗಬಾರದು.

ಮೊದಲ ಮಳೆಗೆ ಕಾಡಿನ ತರಗೆಲೆಯೆಲ್ಲ ಹಳ್ಳಕ್ಕಿಳಿದು ಪೈಪಿನ ಬಾಯಿಯ ಜಾಲರಿ ಕಟ್ಟುತ್ತದೆ, ಆ ವಾರ ದಿನಕ್ಕೆರಡು ಸಲ ತೆಗೆಯಬೇಕು. ಉಂಬಳದ ಕಾಟದಲ್ಲಿ ಆ ಕೆಲಸಕ್ಕೆ ಹೋಗುವವರಿಗೆ ಕೂಲಿ ಇಟ್ಟಿದ್ದೀರಾ? ಬಜೆಟ್ಟುಗಳಲ್ಲಿ ಈ ಸಾಲು ಕಾಣಿಸುವುದೇ ಅಪರೂಪ. ಹಳ್ಳ ಯಾವಾಗ ಬತ್ತುತ್ತದೆ ಎಂದು ಊರಿನ ಹಿರಿಯರನ್ನು ಕೇಳಿ, ನಿಮ್ಮ ಸರ್ವೆಗಿಂತ ಅವರ ಉತ್ತರ ನಿಖರವಾಗಿರುತ್ತದೆ. ಬತ್ತುವ ತಿಂಗಳುಗಳಿಗೆ ಆ 40 ವ್ಯಾಟ್ ಪ್ಯಾನೆಲ್ ಸಾಕು.

ಕಾಗದಪತ್ರದ ಮಾತು. ಅರಣ್ಯ ಭೂಮಿಯಲ್ಲಿ ಪೈಪು, ಟರ್ಬೈನ್ ಇಡಲು ಅನುಮತಿ ಬೇಕು. ಅರಣ್ಯ ಹಕ್ಕು ಕಾಯ್ದೆ 2006ರ 3(2) ಕಲಂ ಕುಡಿಯುವ ನೀರಿನ ಪೈಪು, ವಿದ್ಯುತ್ ತಂತಿ, ಅಸಾಂಪ್ರದಾಯಿಕ ಇಂಧನ ಮುಂತಾದ ಸರ್ಕಾರಿ ಸೌಲಭ್ಯಗಳಿಗೆ ತಲಾ 1 ಹೆಕ್ಟೇರಿಗಿಂತ ಕಡಿಮೆ ಜಾಗ ಕೊಡಲು ಅವಕಾಶ ಇಟ್ಟಿದೆ. ಗ್ರಾಮಸಭೆಯ ಶಿಫಾರಸು ಕಡ್ಡಾಯ. ಖಾಸಗಿ ದಾನಿಯ ಹಣದ ಕೆಲಸ ಇದರಡಿ ಬರುವಂತೆ ಹೇಗೆ ಮಾಡುವುದೆಂದು ವಕೀಲರನ್ನೂ ವಲಯ ಅರಣ್ಯಾಧಿಕಾರಿಯನ್ನೂ ಮೊದಲೇ ಕೇಳಿ. ಅರ್ಜಿ ಮಳೆಗಾಲ ಮುಗಿದ ಕೂಡಲೇ ಹೋಗಲಿ. ಫೆಬ್ರವರಿಯಲ್ಲಿ ಪೈಪಿನ ಲಾರಿ ಚೆಕ್‌ಪೋಸ್ಟ್ ಮುಂದೆ ನಿಂತ ಮೇಲೆ ಫೋನ್ ಮಾಡಿದರೆ ಇಂಜಿನಿಯರ್ ಏನೂ ಮಾಡಲಾರ.