ವೈನ್ ಒಂದು ಬಾಟಲಿ ತರಬಹುದು, ರಮ್ ತರುವಂತಿಲ್ಲ: ಕ್ರೂಸ್ ಹಡಗಿನ ಈ ನಿಯಮ ಎಲ್ಲಿಂದ ಬಂತು?

ಮಯಾಮಿ ಬಂದರಿನಲ್ಲಿ ಕ್ರೂಸ್ ಹಡಗು ಹತ್ತುವವರ ಕೈಚೀಲಗಳು ಒಂದೊಂದಾಗಿ ಎಕ್ಸ್-ರೇ ಯಂತ್ರದೊಳಗೆ ಹೋಗುತ್ತವೆ. ಇಸ್ತ್ರಿಪೆಟ್ಟಿಗೆ, ಮೇಣದಬತ್ತಿ ಸಿಕ್ಕರೆ ಪಕ್ಕಕ್ಕೆ. ರಮ್ ಬಾಟಲಿ ಸಿಕ್ಕರೂ ಪಕ್ಕಕ್ಕೆ. ಆದರೆ ಸೀಲ್ ಒಡೆಯದ ಒಂದು ವೈನ್ ಬಾಟಲಿ ಕಂಡರೆ ಯಾರೂ ತಕರಾರು ಮಾಡುವುದಿಲ್ಲ. ಕಾರ್ನಿವಲ್ ಕಂಪನಿಯ ಹಡಗುಗಳಲ್ಲಿ 21 ವರ್ಷ ತುಂಬಿದ ಪ್ರತಿಯೊಬ್ಬರೂ 750 ಮಿಲಿಲೀಟರಿನ ಒಂದು ಬಾಟಲಿ ವೈನ್ ಅಥವಾ ಶಾಂಪೇನ್ ತರಬಹುದು. ಹಡಗು ಹತ್ತುವ ದಿನ ಮಾತ್ರ, ಅದೂ ಕೈಚೀಲದಲ್ಲಿ ಮಾತ್ರ. ನಿಮ್ಮ ಕೋಣೆಯಲ್ಲಿ ಕುಡಿದರೆ ಖರ್ಚಿಲ್ಲ. ಊಟದ ಹಾಲ್‌ಗೆ ಒಯ್ದರೆ 15 ಡಾಲರ್ ಕಾರ್ಕೇಜ್ ಕೊಡಬೇಕು. ನಿಮ್ಮದೇ ಬಾಟಲಿಯ ಮುಚ್ಚಳ ತೆಗೆದು ಗ್ಲಾಸಿಗೆ ಸುರಿದುಕೊಟ್ಟದ್ದಕ್ಕೆ ಅವರು ಹಾಕುವ ಶುಲ್ಕ ಇದು.

ರಮ್ ಬೇಡ, ಬಿಯರ್ ಬೇಡ, ವೈನ್ ಆಗಬಹುದು. ಯಾಕೆ? ಪ್ರಯಾಣಿಕರ ಸುರಕ್ಷತೆ ಅನ್ನುತ್ತವೆ ಕಂಪನಿಗಳು. ಅದು ಸುಳ್ಳಲ್ಲ. ಆದರೆ ಹಡಗಿನವರಿಗೆ ದುಡ್ಡು ಎಲ್ಲಿಂದ ಬರುತ್ತದೆ ಅಂತ ನೋಡಿದರೆ ಈ ನಿಯಮ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ.

ಮೊದಲು ಹೀಗಿರಲಿಲ್ಲ. 1840ರ ಜುಲೈನಲ್ಲಿ ಕ್ಯೂನಾರ್ಡ್ ಕಂಪನಿಯ ಬ್ರಿಟಾನಿಯಾ ಹಡಗು ಲಿವರ್‌ಪೂಲ್‌ನಿಂದ ಅಮೆರಿಕದ ಕಡೆಗೆ ಮೊದಲ ಪಯಣ ಹೊರಟಿತು. ಅದರ ಟಿಕೆಟ್ಟಿನಲ್ಲಿ ಊಟದ ಜೊತೆ ವೈನ್ ಕೂಡ ಸೇರಿತ್ತು. ಇಂಡಿಯಾದ ಕಡೆ ಬರುತ್ತಿದ್ದ ಪಿ ಅಂಡ್ ಓ ಅನ್ನೋ ಬ್ರಿಟಿಷ್ ಕಂಪನಿಯ ಹಡಗುಗಳಲ್ಲೂ ಅಷ್ಟೇ. 1870ರ ದಶಕದವರೆಗೆ ವೈನ್, ಬಿಯರ್, ಸ್ಪಿರಿಟ್ (ರಮ್, ವಿಸ್ಕಿಯಂಥ ಕಡಕ್ ಮದ್ಯ) ಎಲ್ಲವೂ ಟಿಕೆಟ್ಟಿನ ಲೆಕ್ಕದಲ್ಲೇ ಬರುತ್ತಿದ್ದವು. ಟಿಕೆಟ್ ದುಬಾರಿ, ಹತ್ತುವವರು ಸಾಹೇಬರು. ಎಲ್ಲ ಸೇರಿಸಿಯೇ ದುಡ್ಡು ಕಿತ್ತಿದ್ದಾರೆ ಅಂದಮೇಲೆ ಮನೆಯಿಂದ ಬಾಟಲಿ ಹೊರುವವರು ಯಾರು? ಆಮೇಲೆ ಕುಡಿತದ ಲೆಕ್ಕ ಬೇರೆಯಾಯಿತು, ಹಡಗಿನಲ್ಲಿ ಬಾರ್ ಬಿಲ್ ಶುರುವಾಯಿತು.

ನಿಜವಾದ ಗಲಾಟೆ ಎದ್ದದ್ದು ಅಮೆರಿಕದ ಪಾನನಿಷೇಧದ ಕಾಲದಲ್ಲಿ. 1920ರ ಜನವರಿಯಲ್ಲಿ ನಿಷೇಧ ಜಾರಿಗೆ ಬಂತು. ನೆಲದ ಮೇಲೆ ಹೆಂಡ ಇಲ್ಲ ಅನ್ನೋದು ಸ್ಪಷ್ಟವಾಗಿತ್ತು. ಆದರೆ ಸಮುದ್ರದ ಮೇಲೆ? 1922ರ ಅಕ್ಟೋಬರ್‌ನಲ್ಲಿ ಅಟಾರ್ನಿ ಜನರಲ್ ಹ್ಯಾರಿ ಡಾಹರ್ಟಿ ಒಂದು ಅಭಿಪ್ರಾಯ ಕೊಟ್ಟರು. ಅಮೆರಿಕದ ಹಡಗುಗಳಲ್ಲಿ ಎಲ್ಲಿಯೂ ಮದ್ಯ ಕೂಡದು, ವಿದೇಶಿ ಹಡಗುಗಳು ಅಮೆರಿಕದ ನೀರಿಗೆ ಮದ್ಯ ತರಕೂಡದು ಅಂತ. ಕಂಪನಿಗಳು ಸುಪ್ರೀಂ ಕೋರ್ಟಿಗೆ ಹೋದವು. 1923ರ ಏಪ್ರಿಲ್ 30ರಂದು ಬಂದ ತೀರ್ಪು ಇಬ್ಬರಿಗೂ ಅರ್ಧರ್ಧ ಕೊಟ್ಟಿತು. ಅಮೆರಿಕದ ಹಡಗು ದಡದಿಂದ ಮೂರು ಮೈಲಿ ಆಚೆ ಮದ್ಯ ಮಾರಿದರೆ ಕಾನೂನು ಅಡ್ಡ ಬರುವುದಿಲ್ಲ. ವಿದೇಶಿ ಹಡಗು ಮಾತ್ರ ಆ ಮೂರು ಮೈಲಿಯೊಳಗೆ ಸೀಲ್ ಮಾಡಿದ ಬಾಟಲಿಯನ್ನೂ ತರುವಂತಿಲ್ಲ.

ಇದು ಯುರೋಪಿನ ಹಡಗಿನವರಿಗೆ ದೊಡ್ಡ ತಲೆನೋವಾಯಿತು. ನ್ಯೂಯಾರ್ಕ್ ತಲುಪುವಷ್ಟರಲ್ಲಿ ಸ್ಟಾಕ್ ಪೂರ್ತಿ ಮುಗಿದಿರಬೇಕು. ಹಾಗಾದರೆ ವಾಪಸ್ ಹೋಗುವಾಗ ಬರುವವರಿಗೆ ಏನು ಕೊಡೋದು? ಕೆಲವು ದೇಶಗಳ ಕಾನೂನಿನ ಪ್ರಕಾರ ನಾವಿಕರಿಗೆ ದಿನದ ವೈನ್ ಪಾಲು ಕೊಡಲೇಬೇಕಿತ್ತು. ಒಂದು ದೇಶದ ಕಾನೂನು ಕೊಡು ಅನ್ನುತ್ತದೆ, ಇನ್ನೊಂದು ದೇಶದ್ದು ಕೊಡಬೇಡ ಅನ್ನುತ್ತದೆ. 1924ರಲ್ಲಿ ಬ್ರಿಟನ್ ಮತ್ತು ಅಮೆರಿಕ ಒಂದು ಒಪ್ಪಂದಕ್ಕೆ ಬಂದವು. ಬ್ರಿಟಿಷ್ ಹಡಗುಗಳು ಮದ್ಯವನ್ನು ಸೀಲ್ ಹಾಕಿ ಬಂದರಿಗೆ ತರಬಹುದು. ಅದಕ್ಕೆ ಬದಲಾಗಿ, ದಡದಿಂದ ಒಂದು ಗಂಟೆ ಪಯಣದಷ್ಟು ದೂರದವರೆಗೆ ಅನುಮಾನ ಬಂದ ಹಡಗನ್ನು ಅಮೆರಿಕ ತಡೆದು ಹುಡುಕಬಹುದು.

ಇದರಿಂದ ಒಂದು ಮಜವಾದ ವ್ಯಾಪಾರವೂ ಬೆಳೆಯಿತು. ನ್ಯೂಯಾರ್ಕ್‌ನಿಂದ ಹೊರಟು, ಯಾವ ಊರಿಗೂ ಹೋಗದೆ, ಸಮುದ್ರದಲ್ಲಿ ಸುತ್ತಾಡಿ ವಾಪಸ್ ಬರುವ ಪ್ರವಾಸಗಳು. ಜನ ಹೋಗುತ್ತಿದ್ದದ್ದು ಸಮುದ್ರ ನೋಡೋಕಲ್ಲ. 1933ರ ಡಿಸೆಂಬರ್ 5ರಂದು ನಿಷೇಧ ಹೋಯಿತು. ಆದರೆ ಬಾರ್ ನಂಬಿಕೊಂಡೇ ಹಡಗು ಓಡಿಸಬಹುದು ಅನ್ನೋದು ಅಷ್ಟರಲ್ಲಿ ಗೊತ್ತಾಗಿತ್ತು.

ಆಮೇಲೆ ಹಲವು ದಶಕ ಪ್ರಯಾಣಿಕರ ಸ್ವಂತ ಬಾಟಲಿಯ ಬಗ್ಗೆ ಯಾರೂ ಅಷ್ಟಾಗಿ ತಲೆಕೆಡಿಸಿಕೊಂಡ ಹಾಗೆ ಕಾಣುವುದಿಲ್ಲ. ಬೀಳ್ಕೊಡಲು ಬಂದ ನೆಂಟರು ಶಾಂಪೇನ್ ಹಿಡಿದುಕೊಂಡೇ ಹಡಗು ಹತ್ತಿ, ಕೋಣೆಯಲ್ಲಿ ಪಾರ್ಟಿ ಮಾಡಿ, ಗಂಟೆ ಬಾರಿಸಿದ ಮೇಲೆ ಇಳಿದು ಹೋಗುತ್ತಿದ್ದರು.

ಎರಡು ಸಂಗತಿಗಳು ಇದನ್ನು ಬದಲಿಸಿದವು. ಒಂದು ದುಡ್ಡು, ಇನ್ನೊಂದು ಭದ್ರತೆ.

ಜೆಟ್ ವಿಮಾನಗಳು ಬಂದ ಮೇಲೆ ಅಟ್ಲಾಂಟಿಕ್ ದಾಟಲು ಹಡಗು ಬೇಕಾಗಲಿಲ್ಲ. ಹಡಗೇ ರಜೆ ಕಳೆಯುವ ಜಾಗವಾಯಿತು. 1972ರಲ್ಲಿ ಟೆಡ್ ಅರಿಸನ್ ಕಾರ್ನಿವಲ್ ಶುರು ಮಾಡಿದರು. ಅವರ ಮೊದಲ ಹಡಗು ಮಾರ್ಡಿ ಗ್ರಾ ಮೊದಲ ಪಯಣದಲ್ಲೇ ಮಯಾಮಿ ಪಕ್ಕದಲ್ಲಿ ಮರಳಿಗೆ ಸಿಕ್ಕಿಬಿದ್ದಿತ್ತು ಅನ್ನೋದು ಬೇರೆ ಮಾತು. ಈ ಹೊಸ ವ್ಯಾಪಾರದ ಗುಟ್ಟು ಸರಳ: ಟಿಕೆಟ್ ಅಗ್ಗ ಮಾಡು, ಜನ ಹಡಗಿನೊಳಗೆ ಖರ್ಚು ಮಾಡಲಿ. 2023ರಲ್ಲಿ ಕಾರ್ನಿವಲ್ ಕಾರ್ಪೊರೇಷನ್ನಿನ ಆದಾಯ ಸುಮಾರು 2,160 ಕೋಟಿ ಡಾಲರ್. ಅದರಲ್ಲಿ ಟಿಕೆಟ್ಟಿನಿಂದ ಬಂದದ್ದು ಸುಮಾರು 1,400 ಕೋಟಿ. ಉಳಿದ 750 ಕೋಟಿ ಚಿಲ್ಲರೆ ಬಾರ್, ಕ್ಯಾಸಿನೊ, ಸ್ಪಾ, ಊರು ಸುತ್ತಿಸುವ ಟೂರ್, ಇಂಟರ್‌ನೆಟ್ ಇಂಥವುಗಳಿಂದ ಬಂದದ್ದು. ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ! ಹೀಗಿರುವಾಗ ನೀವು ಮನೆಯಿಂದ ತಂದ ಒಂದು ರಮ್ ಬಾಟಲಿ ಬಾರಿನ ಗಿರಾಕಿಯನ್ನೇ ಕಸಿದ ಹಾಗೆ, ಅಲ್ವಾ?

ಇಷ್ಟಾದರೂ ಬಾಟಲಿ ಹಿಡಿಯೋದು ಸುಲಭ ಇರಲಿಲ್ಲ. ಆ ಅನುಕೂಲ ಮಾಡಿಕೊಟ್ಟದ್ದು ಭಯೋತ್ಪಾದನೆ. 1985ರ ಅಕ್ಟೋಬರ್‌ನಲ್ಲಿ ಇಟಲಿಯ ಅಕಿಲೆ ಲೌರೊ ಹಡಗಿನ ಅಪಹರಣವಾಯಿತು. ಆಮೇಲೆ 2001ರ ಸೆಪ್ಟೆಂಬರ್ ದಾಳಿ. 2004ರ ಜುಲೈ 1ರಿಂದ ಹಡಗು ಮತ್ತು ಬಂದರುಗಳಿಗೆ ಹೊಸ ಅಂತರರಾಷ್ಟ್ರೀಯ ಭದ್ರತಾ ನಿಯಮಗಳು ಬಂದವು. ಬಾಂಬ್, ಬಂದೂಕು ಹುಡುಕಲು ಇಟ್ಟ ಯಂತ್ರದಲ್ಲಿ ವೋಡ್ಕಾ ಬಾಟಲಿಯೂ ಚೆನ್ನಾಗಿಯೇ ಕಾಣುತ್ತದೆ. ನೆಂಟರ ಶಾಂಪೇನ್ ಪಾರ್ಟಿಗೂ ಅಲ್ಲಿಗೆ ತೆರೆ ಬಿತ್ತು.

ಪ್ರಯಾಣಿಕರೇನು ಸುಮ್ನೆ ಕೂತರಾ? ಎಕ್ಸ್-ರೇಯಲ್ಲಿ ಎದ್ದು ಕಾಣದ ಪ್ಲಾಸ್ಟಿಕ್ ಚೀಲಗಳು ಮಾರುಕಟ್ಟೆಗೆ ಬಂದವು. ರಮ್ ರನ್ನರ್ ಅನ್ನೋ ಹೆಸರಿನ ಬ್ರ್ಯಾಂಡೇ ಇದೆ. ಕೆಲವರು ಮೌತ್‌ವಾಶ್ ಬಾಟಲಿಗೆ ವೋಡ್ಕಾ ಸುರಿದು ಹಸಿರು ಬಣ್ಣ ಹಾಕಿದರು. ಇನ್ನು ಕೆಲವರು ನೀರಿನ ಬಾಟಲಿಯಲ್ಲಿ ಜಿನ್ ತುಂಬಿ ಮುಚ್ಚಳ ಮತ್ತೆ ಸೀಲ್ ಮಾಡಿದರು. ಸಿಕ್ಕಿಬಿದ್ದ ಸೂಟ್‌ಕೇಸುಗಳನ್ನು ಇಡುವ ಕೋಣೆಗೆ ಪ್ರಯಾಣಿಕರೇ ನಾಟಿ ರೂಮ್, ಅಂದರೆ ತುಂಟರ ಕೋಣೆ, ಅಂತ ಹೆಸರಿಟ್ಟರು. ತಂಟೆಕೋರ ಮಕ್ಕಳನ್ನು ಕೂಡಿಹಾಕಿದ ಹಾಗೆ!

2015 ಈ ಜಗಳದಲ್ಲಿ ದೊಡ್ಡ ವರ್ಷ. ಜುಲೈನಿಂದ ಕಾರ್ನಿವಲ್ ಬಾಟಲಿ ನೀರನ್ನೂ ಹೊರಗಿನಿಂದ ತರಬಾರದು ಅಂದಿತು. ನೀರಿನ ಬಾಟಲಿಗಳನ್ನು ಒಂದೊಂದಾಗಿ ಪರೀಕ್ಷೆ ಮಾಡುತ್ತಾ ಕೂತರೆ ಸಾಲು ಮುಂದೆ ಹೋಗುವುದಿಲ್ಲ ಅನ್ನೋದು ಅವರ ಕಷ್ಟ. ಸೋಡಾ, ಜ್ಯೂಸ್ ಬೇಕಿದ್ದರೆ ಕ್ಯಾನ್‌ನಲ್ಲಿ ತನ್ನಿ, ತಲೆಗೆ 12 ಅಂತ ಮಿತಿ ಹಾಕಿದರು. ನೀರಿನಲ್ಲಿ ಲಾಭ ಮಾಡಿಕೊಳ್ಳುತ್ತಿದ್ದಾರೆ ಅನ್ನಬಾರದು ಅಂತ, ಮೊದಲೇ ಆರ್ಡರ್ ಮಾಡಿದವರಿಗೆ ಬಾಟಲಿ ನೀರಿನ ಬೆಲೆಯನ್ನೂ ಇಳಿಸಿದರು. ಅದೇ ವರ್ಷದ ಸೆಪ್ಟೆಂಬರ್ ಕೊನೆಗೆ ಡಿಸ್ನಿ ಕೂಡ ಬಿಗಿ ಮಾಡಿತು. ಅಲ್ಲಿಯವರೆಗೆ ಡಿಸ್ನಿ ಹಡಗಿಗೆ ಯಾವ ಮದ್ಯವನ್ನಾದರೂ ಕೈಚೀಲದಲ್ಲಿ ತರಬಹುದಿತ್ತು. ಆಮೇಲೆ ಒಬ್ಬರಿಗೆ ಎರಡು ಬಾಟಲಿ ವೈನ್, ಇಲ್ಲವೇ ಆರು ಬಿಯರ್. ಸ್ಪಿರಿಟ್ ಪೂರ್ತಿ ಬಂದ್.

ಈಗ ಸುರಕ್ಷತೆಯ ಮಾತು. 2004ರಲ್ಲಿ ಫ್ಲಾರಿಡಾದ ಒಂದು ಮೇಲ್ಮನವಿ ಕೋರ್ಟ್, ಕುಡಿದು ತೂರಾಡುವ ಪ್ರಯಾಣಿಕನಿಗೆ ಮತ್ತೆ ಮತ್ತೆ ಮದ್ಯ ಕೊಟ್ಟು ಆತನಿಗೆ ಪೆಟ್ಟಾದರೆ ಹಡಗು ಕಂಪನಿಯ ಮೇಲೆ ದಾವೆ ಹೂಡಬಹುದು ಅಂತ ಹೇಳಿತು. ಬಾರಿನಲ್ಲಿ ಕುಡಿದದ್ದಕ್ಕೆ ಲೆಕ್ಕ ಇರುತ್ತದೆ. ಕೋಣೆಯೊಳಗೆ ಕುಡಿದದ್ದಕ್ಕೆ ಇರುವುದಿಲ್ಲ. ಇದು ಒಪ್ಪಬೇಕಾದ ಮಾತೇ. ಆದರೆ ಅದೇ ಕಾರ್ನಿವಲ್ ಚಿಯರ್ಸ್ ಅನ್ನೋ ಪ್ಯಾಕೇಜಿನಲ್ಲಿ ದಿನಕ್ಕೆ 15 ಡ್ರಿಂಕ್ ತನಕ ಕೊಡುತ್ತದೆ. ಕೋಣೆಯಲ್ಲಿ ಒಬ್ಬ ದೊಡ್ಡವರು ತಗೊಂಡರೆ ಜೊತೆಯಲ್ಲಿರುವ ದೊಡ್ಡವರೂ ತಗೊಳ್ಳಬೇಕು. 15 ಡ್ರಿಂಕ್ ಮಾರುವವರು ನನ್ನ ಚೀಲದ ಒಂದು ಕ್ಯಾನ್ ಬಿಯರ್ ಅಪಾಯ ಅಂದರೆ ಸ್ವಲ್ಪ ನಗು ಬರುತ್ತದೆ.

ಹಾಗಾದರೆ ವೈನಿಗೆ ಯಾಕೆ ರಿಯಾಯಿತಿ? ಲೆಕ್ಕ ಹಾಕಿ ನೋಡಿ. 750 ಮಿಲಿಲೀಟರ್ ವೈನಿನಲ್ಲಿ ಅಮೆರಿಕದ ಅಳತೆಯ ಐದು ಗ್ಲಾಸ್ ಬರುತ್ತದೆ. ಅಷ್ಟೇ ದೊಡ್ಡ ರಮ್ ಬಾಟಲಿಯಲ್ಲಿ ಅಮೆರಿಕದ ಅಳತೆಯ (ಸುಮಾರು 44 ಮಿಲಿಲೀಟರಿನ) ಹದಿನೇಳು ಪೆಗ್ ಸಿಗುತ್ತದೆ. ಇಬ್ಬರು ಒಂದು ವೈನ್ ಬಾಟಲಿಯನ್ನು ಒಂದೇ ರಾತ್ರಿ ಮುಗಿಸುತ್ತಾರೆ, ಮರುದಿನ ಬಾರಿಗೆ ಬರುತ್ತಾರೆ. ರಮ್ ಇದ್ದರೆ ಹಡಗಿನಲ್ಲಿ ಕೋಕ್ ಮಾತ್ರ ಕೊಂಡು ವಾರವೆಲ್ಲ ಕಳೆಯಬಹುದು. ಇನ್ನೊಂದು ಕಾರಣ ಗಿರಾಕಿಯ ಮನಸ್ಸು. ಮದುವೆ ವಾರ್ಷಿಕೋತ್ಸವಕ್ಕೆ ಅಂತ ಎತ್ತಿಟ್ಟ ಬಾಟಲಿಯನ್ನು ಕಸಿದುಕೊಂಡರೆ ಅವರು ಮುಂದಿನ ಸಲ ಬೇರೆ ಕಂಪನಿ ಹುಡುಕುತ್ತಾರೆ. ವೈನಿನಲ್ಲಿ ಕಾರ್ಕೇಜ್ ಹೆಸರಿನಲ್ಲಿ ಒಂದಿಷ್ಟು ವಾಪಸ್ಸೂ ಬರುತ್ತದೆ. ನಾರ್ವೇಜಿಯನ್ ಅನ್ನೋ ಕಂಪನಿಯ ದಾರಿ ಇನ್ನೂ ನೇರ: ಎಷ್ಟು ಬಾಟಲಿ ವೈನ್ ಬೇಕಾದರೂ ತನ್ನಿ, ಪ್ರತಿಯೊಂದಕ್ಕೂ ಶುಲ್ಕ ಕಟ್ಟಿ. ವೈಕಿಂಗ್‌ನಲ್ಲಿ ಕಾರ್ಕೇಜೇ ಇಲ್ಲ. ಅಲ್ಲಿ ಟಿಕೆಟ್ ದುಬಾರಿ, ಊಟದ ಹೊತ್ತಿನ ವೈನ್ ಅದರಲ್ಲೇ ಸೇರಿರುತ್ತದೆ. ಹಾಗಾಗಿ ನಿಮ್ಮ ಬಾಟಲಿಯಿಂದ ಅವರಿಗೆ ನಷ್ಟವೂ ಕಮ್ಮಿ.

ಬಾರಿನ ಆಚೆ ನಿಂತವರನ್ನೂ ನೆನಪಿಡಬೇಕು. ಮಂಗಳೂರು, ಉಡುಪಿ, ಗೋವಾ ಕಡೆಯ ಎಷ್ಟೋ ಮಂದಿ ಈ ಹಡಗುಗಳಲ್ಲಿ ಬಾರ್‌ಟೆಂಡರ್, ವೇಟರ್ ಆಗಿ ದುಡಿಯುತ್ತಾರೆ. ಅಮೆರಿಕದ ದೊಡ್ಡ ಕಂಪನಿಗಳಲ್ಲಿ ಬಾರ್ ಬಿಲ್ಲಿಗೆ ಶೇಕಡಾ 18ರಿಂದ 20ರಷ್ಟು ಸೇವಾ ಶುಲ್ಕ ತಾನಾಗಿಯೇ ಸೇರುತ್ತದೆ. ಬಾರಿನ ಹುಡುಗರಿಗೆ ಸಂಬಳಕ್ಕಿಂತ ಇಂಥ ದುಡ್ಡೇ ಮುಖ್ಯ. ಕೋಣೆಯಲ್ಲಿ ಕದ್ದು ಕುಡಿದ ವೋಡ್ಕಾದಿಂದ ಅವರಿಗೆ ಏನೂ ಸಿಗುವುದಿಲ್ಲ.

ಬೆಂಗಳೂರಿನಿಂದ ವಿಮಾನದಲ್ಲಿ ಹೋಗಿ ಮಯಾಮಿಯಲ್ಲೋ ಬಾರ್ಸಿಲೋನಾದಲ್ಲೋ ಹಡಗು ಹಿಡಿಯುವವರಿಗೆ ಒಂದು ಸಣ್ಣ ಪೇಚಾಟ ಇದೆ. ವಿಮಾನದ ಕೈಚೀಲದಲ್ಲಿ 100 ಮಿಲಿಲೀಟರಿಗಿಂತ ದೊಡ್ಡ ಬಾಟಲಿ ಬಿಡುವುದಿಲ್ಲ. ಹಾಗಾಗಿ ಮನೆಯಿಂದ ತಂದ ವೈನ್ ದೊಡ್ಡ ಸೂಟ್‌ಕೇಸಿನಲ್ಲಿ ಹೋಗಬೇಕು. ಹಡಗಿನಲ್ಲಿ ಪೂರಾ ಉಲ್ಟಾ. ಕೂಲಿಯ ಕೈಗೆ ಕೊಟ್ಟ ಸೂಟ್‌ಕೇಸಿನಲ್ಲಿ ಬಾಟಲಿ ಸಿಕ್ಕರೆ ಅದು ನಾಟಿ ರೂಮಿಗೆ ಹೋಗುತ್ತದೆ. ಬಂದರಿಗೆ ಹೋಗುವ ಮೊದಲು ಹೋಟೆಲಿನಲ್ಲೇ ಸೂಟ್‌ಕೇಸ್ ಬಿಚ್ಚಿ, ಬಾಟಲಿಯನ್ನು ಕೈಚೀಲಕ್ಕೆ ಹಾಕಿಕೊಳ್ಳಿ. ರಟ್ಟಿನ ಡಬ್ಬಿಯಲ್ಲಿ ಬರುವ ವೈನನ್ನು ಹೆಚ್ಚಿನ ಕಂಪನಿಗಳು ಒಳಗೆ ಬಿಡುವುದಿಲ್ಲ, ಗಾಜಿನ ಬಾಟಲಿಯೇ ಇರಲಿ.